ಬಾಣಂತಿಯನ್ನು ಕೇಳಿದವರಾರು?

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಒಂದು ಚೊಚ್ಚಲು ಬಾಣಂತನ ನಡೆಯಿತು. ಮಗಳು ಸೀಮಂತ ಮುಗಿಸಿಕೊಂಡು ತವರಿಗೆ ಬಂದಳು. ದಿನ ತುಂಬಿ ಹೆರಿಗೆ ಸುಸೂತ್ರವಾಗಿ ಆಯಿತು. ತಾಯಿ ಮಗು ಇಬ್ಬರೂ ಕ್ಷೇಮವೆಂದು ನೆಂಟರಿಷ್ಟರಿಗೆಲ್ಲ ನಾನೇ ಸುದ್ದಿ ಮುಟ್ಟಿಸಿದೆ. ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕುವ ಶಾಸ್ತ್ರ. ಮನೆ ತುಂಬ ಜನ. ಬಂದವರೆಲ್ಲರೂ ತೊಟ್ಟಿಲ ಮೇಲೆ ಬಾಗಿದರು. ಮೂಗು ಯಾರದು, ಹುಬ್ಬು ಯಾರದು ಎಂಬ ಚರ್ಚೆ ನಡೆಯಿತು. ಹುಟ್ಟಿದಾಗ ತೂಕವೆಷ್ಟಿತ್ತು, ಹಾಲು ಸಾಲುತ್ತದೆಯೇ, ರಾತ್ರಿ ಮಲಗುತ್ತದೆಯೇ ಎಂಬ ಪ್ರಶ್ನೆಗಳಿಗೆ ನನ್ನ ಹೆಂಡತಿ ಹತ್ತಾರು ಬಾರಿ ಒಂದೇ ಉತ್ತರವನ್ನು ಹೇಳಿದಳು. ಸಂಜೆ ಜನ ಕರಗುತ್ತಿದ್ದಾಗ ಏನನ್ನೋ ತರಲೆಂದು ನಾನು ಬಾಣಂತಿಯ ಕೋಣೆಗೆ ಹೋದೆ. ದೀಪ ಹಾಕಿರಲಿಲ್ಲ. ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದ ಮಗಳು, ತಿರುಗದೆಯೇ, “ಅಪ್ಪ, ಈ ಮಗು ನನ್ನದು ಅಂತ ನನಗೆ ಅನ್ನಿಸ್ತಾನೇ ಇಲ್ಲ. ನಾನು ಕೆಟ್ಟವಳಾ?” ಎಂದಳು.

ನಾನು, “ಛೆ, ಇದೇನು ಮಾತಮ್ಮ! ತಾಯಿಯಾದವಳು ಹೀಗೆಲ್ಲ ಅನ್ನಬಾರದು. ಆಯಾಸ ಆಗಿದೆ, ಮಲಗು” ಎಂದೆ, ಎಂದವನು ಹೊರಗೆ ಬಂದು ನೆಂಟರನ್ನು ಬೀಳ್ಕೊಡುವುದಕ್ಕೆ ನಿಂತೆ.

ಈ ಪುಟದಲ್ಲಿ ನಾನು ತಾಯ್ತನದ ಮಹಿಮೆಯನ್ನು ಕುರಿತು ಒಂದಕ್ಕಿಂತ ಹೆಚ್ಚು ಬಾರಿ ಬರೆದಿದ್ದೇನೆ. ವಾಚಕರಲ್ಲಿ ಕೆಲವರಿಗೆ ಅದು ನೆನಪಿದ್ದರೂ ಇರಬಹುದು. ಆ ಸಂಜೆ ಮಗಳಿಗೆ ನಾನು ಕೊಟ್ಟ ಉತ್ತರ ಎಲ್ಲಿಂದ ಬಂದಿತೆಂದು ಅನಂತರ ಯೋಚಿಸಿ ನೋಡಿದರೆ, ಅದು ಆ ಬರಹಗಳಿಂದಲೇ ಬಂದಿತ್ತು. ತಾಯಿಯನ್ನು ನಾವು ಲೇಖಕರು, ಉಪಾಧ್ಯಾಯರು, ಸಭೆಗಳ ಭಾಷಣಕಾರರು ಎಲ್ಲರೂ ಸೇರಿ ದೇವತೆಯ ಪೀಠದಲ್ಲಿ ಕೂರಿಸಿದ್ದೇವೆ. ಪೀಠದಲ್ಲಿ ಕುಳಿತವಳು ಅಳುವಂತಿಲ್ಲ. ಮಗುವನ್ನು ಕಂಡೊಡನೆ ಎದೆಯಲ್ಲಿ ಹಾಲಿನೊಡನೆ ವಾತ್ಸಲ್ಯವೂ ಉಕ್ಕಿ ಬರಬೇಕು. ಬರದಿದ್ದರೆ ತಪ್ಪು ಅವಳದೇ. ಇಪ್ಪತ್ತೈದು ವರ್ಷದ ಹುಡುಗಿಯೊಬ್ಬಳು, ಮೈಯೆಲ್ಲ ಹಸಿಯಾಗಿ, ಮೂರು ರಾತ್ರಿ ಕಣ್ಣು ಮುಚ್ಚದೆ, ತನಗೆ ಏನಾಗುತ್ತಿದೆಯೆಂದು ತಿಳಿಯದೆ ಒದ್ದಾಡುವಾಗ, ಆ ಪೀಠ ಅವಳಿಗೆ ಆಸರೆಯಾಗುವುದಿಲ್ಲ. ಅವಳ ಬಾಯಿ ಕಟ್ಟುತ್ತದೆ.

ಬಾಣಂತನವನ್ನು ನಮ್ಮ ಹಿರಿಯರು ಎಷ್ಟು ದೊಡ್ಡ ವಿದ್ಯೆಯನ್ನಾಗಿ ಬೆಳೆಸಿದ್ದರೆಂಬುದನ್ನು ಬಲ್ಲವರು ಬಲ್ಲರು. ಮುಂಜಾನೆಯೇ ಹಂಡೆಯಲ್ಲಿ ಕಾಯುವ ನೀರು, ಹರಳೆಣ್ಣೆಯ ತಿಕ್ಕಾಟ, ಎರೆದ ಮೇಲೆ ತಲೆಗೂದಲಿಗೆ ಸಾಂಬ್ರಾಣಿಯ ಹೊಗೆ, ಕಿವಿಗೆ ಹತ್ತಿ, ತಲೆಗೆ ವಸ್ತ್ರ, ಹೊಟ್ಟೆಗೆ ಹಳೆಯ ಸೀರೆಯ ಬಿಗಿಯಾದ ಪಟ್ಟಿ. ಊಟಕ್ಕೆ ಮೆಣಸಿನ ಸಾರು, ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ. ಉತ್ತರದ ಜಿಲ್ಲೆಗಳಲ್ಲಾದರೆ ಅಂಟಿನುಂಡೆ, ಕರಾವಳಿಯಲ್ಲಾದರೆ ಮೆಂತ್ಯದ ಗಂಜಿ. ಮೂರು ತಿಂಗಳಾಗಲಿ ಐದು ತಿಂಗಳಾಗಲಿ, ಅವಳು ತಣ್ಣೀರು ಮುಟ್ಟುವಂತಿಲ್ಲ, ಭಾರ ಎತ್ತುವಂತಿಲ್ಲ, ಒಲೆಯ ಮುಂದೆ ನಿಲ್ಲುವಂತಿಲ್ಲ. ಇದರಲ್ಲಿ ಎಲ್ಲವೂ ಒಳ್ಳೆಯದೆಂದು ನಾನು ವಾದಿಸಲಾರೆ. ಬಾಯಾರಿದ ಬಾಣಂತಿಗೆ ಗುಟುಕು ಲೆಕ್ಕದಲ್ಲಿ ನೀರು ಕೊಡುತ್ತಿದ್ದುದು, ಹಣ್ಣು ಸೊಪ್ಪುಗಳನ್ನು ತಡೆಯುತ್ತಿದ್ದುದು, ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ತುಂಬುತ್ತಿದ್ದುದು, ಮಗುವಿಗೆ ಮೊದಲ ಹಾಲು ಕೊಡದೆ ಹಿಂಡಿ ಚೆಲ್ಲುತ್ತಿದ್ದುದು — ಇವುಗಳಿಂದ ಆದ ಕೇಡನ್ನು ವೈದ್ಯರು ಬೇಕಾದಷ್ಟು ಹೇಳಿದ್ದಾರೆ.

ಆದರೆ ಆ ಪದ್ಧತಿಯಲ್ಲಿ ಒಂದು ಕಟ್ಟಳೆಯಿತ್ತು: ಬಾಣಂತಿಯನ್ನು ಒಬ್ಬಳನ್ನೇ ಬಿಡಕೂಡದು. ಅದಕ್ಕೆ ಕೊಡುತ್ತಿದ್ದ ಕಾರಣ ಗಾಳಿ ಸೋಕುತ್ತದೆ ಎಂಬುದು. ಬಾಗಿಲಿಗೆ ಬೇವಿನ ಸೊಪ್ಪು, ದಿಂಬಿನಡಿಯಲ್ಲಿ ಕಬ್ಬಿಣದ ತುಂಡು, ರಾತ್ರಿ ಪಕ್ಕದಲ್ಲಿ ಮಲಗುವುದಕ್ಕೆ ಒಬ್ಬ ಅಜ್ಜಿಯೋ ಚಿಕ್ಕಮ್ಮನೋ. ಕಾರಣ ಸುಳ್ಳಾದರೂ ಕಟ್ಟಳೆ ಸುಳ್ಳಲ್ಲ. ಮಗು ರಾತ್ರಿ ಎರಡು ಗಂಟೆಗೆ ಅತ್ತರೆ ಎತ್ತಿಕೊಳ್ಳುವುದಕ್ಕೆ ಇನ್ನೆರಡು ಕೈಗಳಿದ್ದವು. ನಮ್ಮ ಹೆಂಗಸರ ಹಾಡುಗಳಲ್ಲಿ ತವರಿನ ಹಂಬಲ ಅಷ್ಟು ದಟ್ಟವಾಗಿ ತುಂಬಿರುವುದಕ್ಕೆ ಈ ಕೈಗಳೂ ಒಂದು ಕಾರಣವೆಂದು ನನಗೆ ತೋರುತ್ತದೆ. ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಹೊರತಂದ ‘ಗರತಿಯ ಹಾಡು’ವನ್ನು ತರಗತಿಗಳಲ್ಲಿ ಪಾಠ ಹೇಳುವ ನನ್ನ ಉಪಾಧ್ಯಾಯ ಮಿತ್ರರು ಅಲ್ಲಿನ ತಾಯಿ, ತವರು, ಕಂದ ಎಂಬ ಮಾತುಗಳ ಸೊಗಸನ್ನು ವಿವರಿಸುತ್ತಾರೆ, ಅವುಗಳ ಹಿಂದಿರುವ ದಣಿವನ್ನೂ ಒಮ್ಮೆ ವಿವರಿಸಬೇಕೆಂದು ನನ್ನ ವಿನಂತಿ. ಬೀಸುವ ಕಲ್ಲಿನ ಮುಂದೆ ಹುಟ್ಟಿದ ಹಾಡು ದಣಿದವರ ಹಾಡು.

ಹೀಗೆ ಜೊತೆ ದೊರೆಯಿತು. ಆದರೆ ಕೇಳುವವರು ದೊರೆತರೆ ಎಂದರೆ, ಇಲ್ಲವೆನ್ನಬೇಕಾಗುತ್ತದೆ. ಅವಳ ಸೊಂಟ, ಹೊಟ್ಟೆ, ಎದೆ, ತಲೆ ಎಲ್ಲವನ್ನೂ ಕುರಿತು ಮನೆಯ ಹೆಂಗಸರಿಗೆ ಕಾಳಜಿಯಿತ್ತು. ಮನಸ್ಸನ್ನು ಕುರಿತು ಇದ್ದುದು ಒಂದೇ ಶಬ್ದ: ಸನ್ನಿ. ಹೆರಿಗೆಯ ನಂಜಿನಿಂದ ಜ್ವರ ಏರಿ ಬಡಬಡಿಸುತ್ತಿದ್ದವಳಿಗೂ ಸನ್ನಿ, ಜ್ವರವೇ ಇಲ್ಲದೆ ಬುದ್ಧಿ ಕದಡಿದವಳಿಗೂ ಸನ್ನಿ. ಆ ಜ್ವರದ ಗುಟ್ಟನ್ನು 1847ರಲ್ಲಿ ವಿಯೆನ್ನಾ ನಗರದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು ಕಂಡುಹಿಡಿದ. ಹೆರಿಗೆ ಮಾಡಿಸುವವರು ಕೈ ತೊಳೆದರೆ ಸಾಕು, ಬಾಣಂತಿಯರು ಬದುಕುತ್ತಾರೆ ಎಂದ. ಹನ್ನೊಂದು ವರ್ಷಗಳ ತರುವಾಯ, 1858ರಲ್ಲಿ, ಲೂಯಿ ವಿಕ್ಟರ್ ಮಾರ್ಸೆ ಎಂಬ ಫ್ರೆಂಚ್ ವೈದ್ಯನು ಗರ್ಭಿಣಿಯರ ಮತ್ತು ಬಾಣಂತಿಯರ ಮನೋವ್ಯಾಧಿಗಳನ್ನು ಕುರಿತೇ ಒಂದು ಗ್ರಂಥವನ್ನು ಬರೆದ. ಮೊದಲನೆಯವನ ಮಾತು ತಡವಾಗಿಯಾದರೂ ಲೋಕಕ್ಕೆಲ್ಲ ಮುಟ್ಟಿತು. ಎರಡನೆಯವನ ವಿಷಯ ನಮ್ಮ ಹೆರಿಗೆಮನೆಗಳ ಬಾಗಿಲಿನಲ್ಲೇ ಇನ್ನೂ ನಿಂತಿದೆ.

ವೈದ್ಯಶಾಸ್ತ್ರ ಇಂದು ಹೇಳುವುದನ್ನು ಸ್ಥೂಲವಾಗಿ ಇಲ್ಲಿ ತಿಳಿಸುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ. ನಾನು ವೈದ್ಯನಲ್ಲ, ಬಲ್ಲವರಿಂದ ಕೇಳಿ, ಓದಿ ತಿಳಿದುದನ್ನು ಹೇಳುತ್ತಿದ್ದೇನೆ. ಹೆರಿಗೆಯಾಗಿ ಮಾಸು ಬಿದ್ದೊಡನೆ, ಒಂಬತ್ತು ತಿಂಗಳು ಏರುತ್ತ ಬಂದಿದ್ದ ಹಾರ್ಮೋನುಗಳು ಒಂದೆರಡು ದಿನಗಳಲ್ಲಿ ತಟ್ಟನೆ ಇಳಿದುಬಿಡುತ್ತವೆ. ಅದರೊಡನೆ ನೋವು, ರಕ್ತಸ್ರಾವ, ನಿದ್ರೆಗೇಡು. ಮೂರನೆಯ ನಾಲ್ಕನೆಯ ದಿನದ ಹೊತ್ತಿಗೆ ಕಾರಣವಿಲ್ಲದೆ ಕಣ್ಣೀರು ಬರುವುದು, ಸಣ್ಣ ಮಾತಿಗೆ ಸಿಡುಕುವುದು, ಮರುಗಳಿಗೆ ನಗುವುದು — ಇದು ಬಾಣಂತಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆಗುವಂಥದು. ಎರಡು ವಾರದೊಳಗೆ ತಾನಾಗಿಯೇ ಹೋಗುತ್ತದೆ. ಇದಕ್ಕೆ ಔಷಧ ಬೇಡ. ನಿದ್ರೆ ಬೇಕು, ಅನ್ನ ಬೇಕು, ಬೈಯದ ಜನ ಬೇಕು.

ಎರಡು ವಾರ ಕಳೆದರೂ ಹೋಗದೆ, ದಿನದಿನಕ್ಕೆ ಇನ್ನಷ್ಟು ಕವಿದುಕೊಳ್ಳುವ ಮ್ಲಾನತೆಯೊಂದಿದೆ. ಅದು ಬೇರೆ. ಯಾವುದರಲ್ಲಿಯೂ ಸುಖವಿಲ್ಲ, ಮಗು ಮಲಗಿದರೂ ತನಗೆ ನಿದ್ರೆ ಬಾರದು, ಮಗುವಿಗೆ ಏನೋ ಆಗಿಬಿಡುತ್ತದೆಂಬ ಭಯ, ಇಲ್ಲವೆ ಮಗುವಿನ ವಿಷಯದಲ್ಲಿ ಕಲ್ಲಿನಂಥ ಉದಾಸೀನ, ತಾನು ತಾಯಿಯಾಗಲು ಅರ್ಹಳಲ್ಲವೆಂಬ ಅಪರಾಧಭಾವ, ಕೆಲವರಲ್ಲಿ ಸತ್ತರೆ ಸಾಕೆಂಬ ಯೋಚನೆ. ಇದು ವ್ಯಾಧಿ. ಸೋಮಾರಿತನವಲ್ಲ, ಸೊಕ್ಕಲ್ಲ, ತವರಿನಲ್ಲಿ ಅತಿಯಾಗಿ ಮುದ್ದು ಮಾಡಿದುದರ ಫಲವೂ ಅಲ್ಲ. ನಮ್ಮ ದೇಶದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವೊಂದು, ಇದು ನೂರಕ್ಕೆ 22 ಮಂದಿ ತಾಯಂದಿರಲ್ಲಿ ಕಾಣುತ್ತದೆಂದು ಹೇಳಿತು. ಅಂದರೆ ಐದು ಮಂದಿಯಲ್ಲಿ ಒಬ್ಬಳು. ಹೆರಿಗೆ ವಾರ್ಡಿನ ಒಂದು ಸಾಲಿನಲ್ಲಿ ಹತ್ತು ಮಂಚಗಳಿದ್ದರೆ ಅವುಗಳಲ್ಲಿ ಎರಡು. ಮಾತಿನ ಚಿಕಿತ್ಸೆಯಿಂದಲೂ, ಬೇಕಾದವರಿಗೆ ಔಷಧದಿಂದಲೂ ಇದು ವಾಸಿಯಾಗುತ್ತದೆ. ಹಾಲೂಡಿಸುವ ತಾಯಿಗೆ ಕೊಡಬಹುದಾದ ಔಷಧಗಳೂ ಇವೆ. ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ಏರುಪೇರು ಇವೂ ಇದೇ ವೇಷದಲ್ಲಿ ಬರುವುದುಂಟಾದ್ದರಿಂದ ವೈದ್ಯರು ರಕ್ತ ಪರೀಕ್ಷೆ ಮಾಡಿಸುತ್ತಾರೆ.

ಮೂರನೆಯದು, ಹಿರಿಯರು ನಿಜವಾಗಿ ಹೆದರುತ್ತಿದ್ದ ಸನ್ನಿ. ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರಿಗೆ, ಬಹುಮಟ್ಟಿಗೆ ಮೊದಲ ಎರಡು ವಾರಗಳಲ್ಲಿ, ಬುದ್ಧಿ ಕದಡಿ, ಇಲ್ಲದ್ದು ಕಂಡು, ಕೇಳದ್ದು ಕೇಳಿಸಿ, ಮಗುವನ್ನು ಕುರಿತು ವಿಪರೀತದ ನಂಬಿಕೆಗಳು ಹುಟ್ಟುತ್ತವೆ. ಇಂಥವಳನ್ನು ಮಂತ್ರ ಹಾಕುವವರ ಮನೆಗೆ ಕರೆದುಕೊಂಡು ಹೋಗಿ ಕಳೆಯುವ ಒಂದೊಂದು ದಿನವೂ ತಾಯಿಗೂ ಮಗುವಿಗೂ ಅಪಾಯ. ಅಂದೇ, ಆ ಹೊತ್ತೇ ಆಸ್ಪತ್ರೆಗೆ ಸೇರಿಸಬೇಕು. ಚಿಕಿತ್ಸೆ ದೊರೆತವರು ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ.

ಚೇತರಿಸಿಕೊಂಡ ಮೇಲೆ ಮನೆ ಅವಳನ್ನು ಹೇಗೆ ಬರಮಾಡಿಕೊಳ್ಳುತ್ತದೆ ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ ಎತ್ತಿದವರು ತ್ರಿವೇಣಿ. ಅವರ ‘ಶರಪಂಜರ’ದ ಕಾವೇರಿ ಹೆರಿಗೆಯ ತರುವಾಯ ಮನಸ್ಸಿನ ಸ್ವಾಸ್ಥ್ಯವನ್ನು ಕಳೆದುಕೊಳ್ಳುತ್ತಾಳೆ, ಆಸ್ಪತ್ರೆಯಲ್ಲಿ ಗುಣಹೊಂದುತ್ತಾಳೆ, ಮನೆಗೆ ಹಿಂದಿರುಗುತ್ತಾಳೆ. ಅವಳು ಗುಣವಾದುದನ್ನು ವೈದ್ಯರು ನಂಬಿದರು. ಗಂಡ, ಆಳುಕಾಳು, ನೆರೆಹೊರೆ ಯಾರೂ ನಂಬಲಿಲ್ಲ. 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಲನಚಿತ್ರ ಮಾಡಿದಾಗ, ಕಾವೇರಿಯಾಗಿ ನಟಿಸಿದ ಕಲ್ಪನಾ ಅವರ ಮುಖವನ್ನು ಕಂಡು ನಮ್ಮ ನಾಡಿನ ಹೆಂಗಸರು ಚಿತ್ರಮಂದಿರಗಳಲ್ಲಿ ಅತ್ತರು. ಆದರೆ ಆ ಕಣ್ಣೀರು ನಾಟಕೀಯವಾದ ಹುಚ್ಚಿಗೆ ಸಂದಿತೇ ಹೊರತು, ಪಕ್ಕದ ಮನೆಯಲ್ಲಿ ಸದ್ದಿಲ್ಲದೆ ಬಾಡುತ್ತಿದ್ದ ಬಾಣಂತಿಗೆ ಸಂದಿತೆಂದು ಹೇಳಲಾರೆ. ತ್ರಿವೇಣಿಯವರು ಮನಶ್ಶಾಸ್ತ್ರವನ್ನು ವ್ಯಾಸಂಗ ಮಾಡಿದವರು. ಹೆಣ್ಣಿನ ಮನಸ್ಸಿನ ಬೇನೆಯನ್ನು ಬೇನೆಯೆಂದೇ ಕಂಡವರು. 1963ರ ಜುಲೈ ತಿಂಗಳಿನಲ್ಲಿ, ಮಗಳನ್ನು ಹೆತ್ತ ಕೆಲವೇ ದಿನಗಳಲ್ಲಿ, 35 ವರ್ಷ ತುಂಬುವ ಮೊದಲೇ ಅವರು ತೀರಿಕೊಂಡರೆಂಬುದನ್ನು ನೆನೆದಾಗಲೆಲ್ಲ ಆ ಪುಸ್ತಕವನ್ನು ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತೇನೆ.

ಇನ್ನು, ಈ ಮ್ಲಾನತೆ ಯಾರನ್ನು ಹೆಚ್ಚಾಗಿ ಹಿಡಿಯುತ್ತದೆ? ಗೋವೆಯಲ್ಲಿ ನಡೆದು 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 252 ಮಂದಿ ತಾಯಂದಿರ ಪೈಕಿ 59 ಮಂದಿಗೆ, ಅಂದರೆ ನೂರಕ್ಕೆ 23ರಷ್ಟು ಮಂದಿಗೆ, ಹೆರಿಗೆಯಾದ ಆರೆಂಟು ವಾರಗಳಲ್ಲಿ ಈ ತೊಂದರೆಯಿತ್ತು. ಬಡತನ, ಗಂಡನೊಡನೆ ವಿರಸ, ಹುಟ್ಟಿದುದು ಹೆಣ್ಣುಮಗು — ಇವು ಅವರ ಹಿನ್ನೆಲೆಯಲ್ಲಿ ಎದ್ದು ಕಂಡವು. ಅದೇ ವರ್ಷ ಪ್ರಕಟವಾದ, ತಮಿಳುನಾಡಿನ ವೆಲ್ಲೂರಿನ ಸುತ್ತಣ ಹಳ್ಳಿಗಳ ಅಧ್ಯಯನವೂ ಹೆಚ್ಚು ಕಡಮೆ ಅದನ್ನೇ ಹೇಳಿತು: ಕಡಮೆ ವರಮಾನ, ಗಂಡುಮಗುವನ್ನು ಬಯಸಿದ್ದಾಗ ಹೆಣ್ಣು ಹುಟ್ಟಿದುದು, ಅತ್ತೆಯೊಡನೆ ಮತ್ತು ಹೆತ್ತವರೊಡನೆ ಮನಸ್ತಾಪ, ಕೈಗೆ ನೆರವಾಗುವವರಿಲ್ಲದಿರುವುದು. ಹೆಣ್ಣು ಹುಟ್ಟಿತೆಂದು ಕೇಳಿ ಆಸ್ಪತ್ರೆಯ ಓಣಿಯಲ್ಲಿ ಒಂದು ಕ್ಷಣ ಎಲ್ಲರೂ ಮೌನವಾಗುತ್ತಾರಲ್ಲ, ಆ ಮೌನ ಹೆರಿಗೆ ಕೋಣೆಯ ಒಳಗೂ ಕೇಳಿಸುತ್ತದೆ. ಮೊನ್ನೆಯವರೆಗೆ ಅವಳ ತಟ್ಟೆಗೆ ತುಪ್ಪ ಬಡಿಸಿದ ಕೈಯೇ ಈಗ ಹಿಂಜರಿದರೆ, ಅವಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಬಡತನದ ಮಾತು ಬಂದುದರಿಂದ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ನಾನು ಮೇಲೆ ವರ್ಣಿಸಿದ ಬಾಣಂತನ ಉಳ್ಳವರ ಮನೆಯ ಬಾಣಂತನ. ಹಂಡೆ ನೀರು ಕಾಯಿಸುವುದಕ್ಕೆ ಸೌದೆ ಬೇಕು, ಬೆಳ್ಳುಳ್ಳಿ ಹುರಿಯುವುದಕ್ಕೆ ತುಪ್ಪ ಬೇಕು, ಮೂರು ತಿಂಗಳು ಮಗಳನ್ನು ಕೂರಿಸಿ ಸಾಕುವುದಕ್ಕೆ ತವರಿಗೆ ಶಕ್ತಿ ಬೇಕು. ರಾಯಚೂರು, ಕಲಬುರಗಿ, ಯಾದಗಿರಿಗಳಿಂದ ಬೆಂಗಳೂರಿಗೆ ಬಂದು, ಕಟ್ಟುತ್ತಿರುವ ಮಹಡಿ ಮನೆಗಳ ಬುಡದಲ್ಲಿ ತಗಡಿನ ಜೋಪಡಿಯಲ್ಲಿ ಹೆರುವವಳಿಗೆ ಯಾವ ಸಾಂಬ್ರಾಣಿ? ಮರಳಿನ ರಾಶಿಯ ಪಕ್ಕದಲ್ಲಿ ಹಳೆಯ ಸೀರೆಯ ಜೋಲಿ ಕಟ್ಟಿ ಮಗುವನ್ನು ಮಲಗಿಸಿ ಅವಳು ಇಟ್ಟಿಗೆ ಹೊರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕಂಡು ‘ಇವರ ಜೀವ ಗಟ್ಟಿ’ ಎಂದು ಹೇಳಿ ಮುಂದೆ ಹೋಗಿದ್ದೇವೆ. ಜೀವ ಗಟ್ಟಿಯಿರಬಹುದು, ಆದರೆ ಅಧ್ಯಯನಗಳು ಹೇಳುವುದು ಬೇರೆ: ಮನಸ್ಸು ಕುಸಿಯುವುದು ಅವಳದೇ ಹೆಚ್ಚು. ಬಾಣಂತಿಯ ದುಗುಡ ಓದಿದವರ, ಪೇಟೆಯವರ ಹೊಸ ಷೋಕಿ ಎಂದು ನಗುವ ಹಿರಿಯರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ.

ಪೇಟೆಯವರ ಸ್ಥಿತಿಯೂ ಹಿತವಾಗಿಲ್ಲ. ಬೆಂಗಳೂರಿನ ಹನ್ನೊಂದನೆಯ ಅಂತಸ್ತಿನ ಮನೆಯಲ್ಲಿ ಬೆಳಗ್ಗೆ ಎಂಟಕ್ಕೆ ಗಂಡ ಹೊರಟರೆ ರಾತ್ರಿ ಎಂಟರವರೆಗೆ ತಾಯಿ, ಮಗು, ನಾಲ್ಕು ಗೋಡೆ. ತವರಿನ ತಾಯಿಯೂ ಈಗ ಉದ್ಯೋಗದಲ್ಲಿದ್ದಾಳೆ, ಇಲ್ಲವೆ ಮಂಡಿನೋವಿನಿಂದ ನರಳುತ್ತಿದ್ದಾಳೆ. ಅಮೆರಿಕದಲ್ಲಿರುವ ಕನ್ನಡಿಗರ ಮನೆಗಳಲ್ಲಿ ಬಾಣಂತನದ ಅವಧಿಯನ್ನು ವೀಸಾ ನಿರ್ಧರಿಸುತ್ತದೆ: ಅಮ್ಮ ಬಂದು ಹೋದ ಮೇಲೆ ಅತ್ತೆ, ಅತ್ತೆ ಹಿಂದಿರುಗಿದ ಮೇಲೆ ಹಿಮ ಬೀಳುವ ಕಿಟಕಿ. ಕೈಗಳು ದೂರವಾದವು, ಸಲಹೆಗಳು ಮಾತ್ರ ದೂರವಾಗಲಿಲ್ಲ. ಹಾಲು ಹೆಚ್ಚಲು ಇದನ್ನು ತಿನ್ನು, ಮಗುವನ್ನು ಹಾಗೆ ಎತ್ತಬೇಡ, ನಮ್ಮ ಕಾಲದಲ್ಲಿ ನಾವು ಐದು ಹೆತ್ತರೂ ಹೀಗೆ ಅಳಲಿಲ್ಲ ಎಂದು ಗಂಟೆಗೊಮ್ಮೆ ಫೋನಿನಲ್ಲಿ ಬರುತ್ತವೆ. ಹಿಂದೆ ಇಂಥ ಮಾತನ್ನು ಆಡಿದ ಅಜ್ಜಿ, ಆಡಿದ ಮೇಲೆ ಮಗುವನ್ನು ಎತ್ತಿಕೊಂಡು ಹೊರಗೆ ಹೋಗುತ್ತಿದ್ದಳು.

ಐದು ಹೆತ್ತವರು ಅಳಲಿಲ್ಲವೆಂಬುದನ್ನು ನಾನು ನಂಬುವುದಿಲ್ಲ. ನಮ್ಮ ಕುಟುಂಬದಲ್ಲಿ ಒಬ್ಬ ದೊಡ್ಡಮ್ಮನ ವಿಷಯವನ್ನು ಮಾತಾಡುವಾಗ ‘ಚೊಚ್ಚಲು ಆದಮೇಲೆ ಒಂದು ವರ್ಷ ಮಂಕಾಗಿದ್ದಳು’ ಎಂದು ಹೇಳಿ ಸುಮ್ಮನಾಗುತ್ತಿದ್ದರು. ಆ ಒಂದು ವರ್ಷವನ್ನು ಅವರು ಹೇಗೆ ಕಳೆದರೆಂದು ಕೇಳುವುದಕ್ಕೆ ಈಗ ಅವರಿಲ್ಲ.

ಪರಿಹಾರ ಅಲಭ್ಯವೇನಲ್ಲ ಎಂಬುದು ಈ ವಿಷಯದಲ್ಲಿರುವ ಸಮಾಧಾನ. 1987ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಜಾನ್ ಕಾಕ್ಸ್ ಮತ್ತು ಅವರ ಸಂಗಡಿಗರು ಹತ್ತೇ ಪ್ರಶ್ನೆಗಳ ಒಂದು ಪಟ್ಟಿಯನ್ನು ರಚಿಸಿದರು. ಕಳೆದ ಏಳು ದಿನಗಳಲ್ಲಿ ನಗುವುದು ಸಾಧ್ಯವಾಯಿತೇ, ಸುಮ್ಮಸುಮ್ಮನೆ ತನ್ನನ್ನು ತಾನೇ ದೂಷಿಸಿಕೊಂಡದ್ದುಂಟೇ, ಭಯವಾಯಿತೇ ಎಂಬಂಥ ಸರಳವಾದ ಪ್ರಶ್ನೆಗಳು. ಕೊನೆಯದು ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿತೇ ಎಂಬುದು. ಹಸಿವು ಹೇಗಿದೆ, ದಣಿವು ಎಷ್ಟಿದೆ ಎಂದು ಅವರು ಕೇಳಲಿಲ್ಲ. ಆ ಏರುಪೇರು ಎಲ್ಲ ಬಾಣಂತಿಯರಿಗೂ ಇರುವುದರಿಂದ ಅದರಿಂದ ಏನೂ ತಿಳಿಯದೆಂಬುದು ಅವರ ವಿವೇಕ. ಈ ಪಟ್ಟಿಯ ಕನ್ನಡ ರೂಪವೂ ಬಳಕೆಯಲ್ಲಿದೆ. ಕೇಳಿ ಮುಗಿಸುವುದಕ್ಕೆ ಐದು ನಿಮಿಷ ಸಾಕು. ಮಗುವಿಗೆ ಲಸಿಕೆ ಹಾಕಿಸಲು ತಾಯಿ ಆರನೆಯ ವಾರ ಬಂದೇ ಬರುತ್ತಾಳೆ. ಆ ದಿನ ಸರತಿಯ ಸಾಲಿನಲ್ಲಿ ಕುಳಿತವಳನ್ನು ಈ ಹತ್ತು ಪ್ರಶ್ನೆ ಕೇಳುವ ಏರ್ಪಾಟನ್ನು ಪ್ರತಿಯೊಂದು ಆಸ್ಪತ್ರೆಯಲ್ಲೂ ಏಕೆ ಮಾಡಬಾರದು?

ಕೇಳಿದ ಮೇಲೆ ಮಾಡುವುದೇನು, ಅಷ್ಟು ಮಂದಿ ಮನೋವೈದ್ಯರು ಎಲ್ಲಿದ್ದಾರೆ ಎಂಬ ಆಕ್ಷೇಪಣೆ ಸಹಜವೇ. ಅದಕ್ಕೆ ಉತ್ತರ ನೆರೆಯ ಪಾಕಿಸ್ತಾನದ ರಾವಲ್ಪಿಂಡಿ ಜಿಲ್ಲೆಯ ಹಳ್ಳಿಗಳಿಂದ ಬಂದಿದೆ. ಅಲ್ಲಿ ಅತೀಫ್ ರಹಮಾನ್ ಮತ್ತು ಸಂಗಡಿಗರು, ಮನೆಮನೆಗೆ ಹೋಗುವ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತು ಕೊಟ್ಟರು. ಆ ಹೆಂಗಸರು ಪ್ರೌಢಶಾಲೆಯವರೆಗೆ ಓದಿದವರು, ಮನೋವೈದ್ಯದ ಗಂಧವಿಲ್ಲದವರು. ಖಿನ್ನರಾಗಿದ್ದ ಗರ್ಭಿಣಿಯರ ಮನೆಗೆ ಅವರು ಹೆರಿಗೆಗೆ ಮುಂಚಿನ ತಿಂಗಳಿನಿಂದ ಹಿಡಿದು ಹದಿನಾರು ಬಾರಿ ಹೋಗಿ, ಕುಳಿತು, ಮಾತಾಡಿ, ಮನೆಯವರನ್ನೂ ಮಾತಿಗೆ ಎಳೆದು ಬಂದರು. 2008ರಲ್ಲಿ ಪ್ರಕಟವಾದ ಫಲಿತಾಂಶವೇನೆಂದರೆ, ಆರು ತಿಂಗಳ ತರುವಾಯ ಇಂಥ ಮಾತು ದೊರೆಯದ ತಾಯಂದಿರಲ್ಲಿ ನೂರಕ್ಕೆ 53 ಮಂದಿ ಇನ್ನೂ ಖಿನ್ನರಾಗಿದ್ದರು. ದೊರೆತವರಲ್ಲಿ 23 ಮಂದಿ. ನಮ್ಮಲ್ಲಿ ಆಶಾ ಕಾರ್ಯಕರ್ತೆಯರು ಇದ್ದಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾದವಳ ಮನೆಗೆ ಮೂರನೆಯ ದಿನದಿಂದ ನಲವತ್ತೆರಡನೆಯ ದಿನದವರೆಗೆ ಆರು ಬಾರಿ ಹೋಗುವ ಕ್ರಮವೂ ಇದೆ. ಹೋದವಳು ಮಗುವನ್ನು ತೂಗುತ್ತಾಳೆ, ಜ್ವರ ನೋಡುತ್ತಾಳೆ. ಬಾಣಂತಿಯ ಪಕ್ಕದಲ್ಲಿ ಇನ್ನೂ ಹತ್ತು ನಿಮಿಷ ಕುಳಿತುಕೊಳ್ಳುವ ಬಿಡುವನ್ನೂ, ಆ ಹತ್ತು ನಿಮಿಷಕ್ಕೆ ತಕ್ಕ ಸಂಭಾವನೆಯನ್ನೂ ಅವಳಿಗೆ ಕೊಟ್ಟರೆ ಕೆಲಸ ಅರ್ಧ ಆದಂತೆ. ಸಂಭಾವನೆಯ ಮಾತನ್ನು ಬೇಕೆಂದೇ ಹೇಳುತ್ತಿದ್ದೇನೆ. ಹೆಂಗಸರ ಸೇವೆಯನ್ನು ಹೊಗಳಿ ಬಿಟ್ಟಿಯಾಗಿ ಪಡೆಯುವುದರಲ್ಲಿ ನಾವು ನಿಸ್ಸೀಮರು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2009ರಿಂದ ತಾಯಿಯನ್ನೂ ಮಗುವನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಮಾಡುವ ಘಟಕವೊಂದು ನಡೆಯುತ್ತಿದೆ. ಕಾವೇರಿಯಂಥವರನ್ನು ಮಗುವಿನಿಂದ ಕಿತ್ತು ಒಯ್ಯಬೇಕಾಗಿಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆಯೂ, ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಕೂಡದೆಂದು ವಿಧಿಸಿದೆ. ಊರಿನಲ್ಲಿ ಯಾರನ್ನು ಕಾಣಬೇಕೆಂದು ತೋಚದವರು 14416 ಎಂಬ ಸರಕಾರದ ದೂರವಾಣಿ ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ಗಂಡಂದಿರ ವಿಷಯವನ್ನು ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ಉದ್ಯೋಗದಲ್ಲಿರುವ ತಾಯಿಯ ಹೆರಿಗೆ ರಜೆಯನ್ನು 2017ರ ತಿದ್ದುಪಡಿ 12 ವಾರಗಳಿಂದ 26 ವಾರಗಳಿಗೆ ಏರಿಸಿತು. ಕೇಂದ್ರ ಸರಕಾರದ ನೌಕರನಾದ ತಂದೆಗೆ ದೊರೆಯುವುದು 15 ದಿನ. ಈ 15 ದಿನಗಳಲ್ಲಿಯೂ ಅವನು ತವರುಮನೆಯ ಜಗಲಿಯಲ್ಲಿ ಅಳಿಯನಾಗಿ ಉಪಚಾರ ಮಾಡಿಸಿಕೊಂಡು ಕೂರುವುದುಂಟು. ಮಗುವಿನ ಬಟ್ಟೆ ಬದಲಾಯಿಸುವುದಕ್ಕೆ ಗರ್ಭಕೋಶ ಬೇಕಾಗಿಲ್ಲ.

ಇಷ್ಟನ್ನೆಲ್ಲ ನಾನು ತಿಳಿದುಕೊಂಡುದು ಅನಂತರ. ನಮ್ಮ ಮನೆಯಲ್ಲಿ ಮಗಳನ್ನು ಕೇಳಿದವರು ನಾನೂ ಅಲ್ಲ, ಅವಳ ತಾಯಿಯೂ ಅಲ್ಲ. ಮಗುವಿಗೆ ನೀರು ಹಾಕುವುದಕ್ಕೆ ಪ್ರತಿದಿನ ಬೆಳಗ್ಗೆ ಒಬ್ಬ ಮುದುಕಿ ಬರುತ್ತಿದ್ದಳು. ಊರಿನ ಅರ್ಧ ಮಕ್ಕಳು ಅವಳ ಕಾಲಿನ ಮೇಲೆ ಮಲಗಿ ಎರೆಸಿಕೊಂಡವರು. ಹೆರಿಗೆಯಾಗಿ ತಿಂಗಳಾಗಿರಬೇಕು, ಒಂದು ದಿನ ಮಗುವನ್ನು ಒರೆಸಿ ಮಲಗಿಸಿ, ಬಾಣಂತಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, “ಕೂಸು ಸಂದಾಕದೆ. ನೀನೆಂಗಿದ್ದೀಯವ್ವಾ?” ಎಂದು ಕೇಳಿದಳಂತೆ. ಮಗಳು ಒಂದು ಗಂಟೆ ಕಾಲ ಅತ್ತಳು. ಮುದುಕಿ ಹೊರಗೆ ಬಂದು ನನ್ನ ಹೆಂಡತಿಗೆ, “ಈ ವಮ್ಮನ್ನ ಡಾಕುಟ್ರುತಾವ ಕರ್ಕೊಂಡೋಗಿ. ಇದು ಬರೀ ಸುಸ್ತಲ್ಲ. ನಾನು ಕಂಡಿವ್ನಿ” ಎಂದಳು. ಏನನ್ನು, ಯಾರಲ್ಲಿ ಕಂಡಿದ್ದಳೋ ಹೇಳಲಿಲ್ಲ.

ಕರೆದುಕೊಂಡು ಹೋದೆವು. ಕೆಲವು ತಿಂಗಳ ಔಷಧ, ವಾರಕ್ಕೊಮ್ಮೆ ಮಾತು. ಮಗುವಿಗೆ ಐದು ತಿಂಗಳಾಗುವ ಹೊತ್ತಿಗೆ ಮಗಳು ಅದರೊಡನೆ ತಾನೇ ತಾನಾಗಿ ಮಾತಾಡುವುದು ಅಡಿಗೆಮನೆಯವರೆಗೆ ಕೇಳಿಸುತ್ತಿತ್ತು.

ಈ ಲೇಖನವನ್ನು ಅಚ್ಚಿಗೆ ಕೊಡುವ ಮುನ್ನ ಅವಳಿಗೆ ಓದಿ ತೋರಿಸಿದೆ. ಅವಳ ಒಪ್ಪಿಗೆಯಿಲ್ಲದೆ ಇದನ್ನು ಬರೆಯುವ ಹಕ್ಕು ನನಗಿಲ್ಲ. ಕೇಳಿದ ಮೇಲೆ ಅವಳು, “ಔಷಧಿ, ಡಾಕ್ಟರು ಎಲ್ಲಾ ಸರಿ ಅಪ್ಪ. ಅಮ್ಮ ದಿನಾ ರಾತ್ರಿ ಹತ್ತರಿಂದ ಮೂರು ಗಂಟೆವರೆಗೆ ಮಗೂನ ತನ್ನ ಕೋಣೆಗೆ ಎತ್ಕೊಂಡು ಹೋಗಿ ಬಾಗಿಲು ಹಾಕ್ಕೊಳ್ಳೋಳು. ಆ ಐದು ಗಂಟೆ ನಿದ್ದೆ ಇಲ್ದಿದ್ರೆ ಯಾವ ಮಾತ್ರೇನೂ ಕೆಲಸ ಮಾಡ್ತಿರಲಿಲ್ಲ. ಅದನ್ನ ಬರಿ” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ನೀನು ನೆಂಟರನ್ನ ಕಳಿಸೋಕೆ ಹೋಗಿದ್ದನ್ನೂ ತೆಗೀಬೇಡ, ಹಾಗೇ ಇರಲಿ” ಎಂದಳು.